ಖಂಡಿಸಿದವರು ಇದ್ದಾರೆ, ಅದಕ್ಕಾಗಿ ಪ್ರಾಣ ಕೊಟ್ಟವರೂ ಇದ್ದಾರೆ

ನಿಮ್ಮ ಪ್ರಶ್ನೆ ಇದು: ‘ಎಲ್ಲಾದರೂ ಉಗ್ರರ ದಾಳಿ ಆದಾಗ ಮುಸ್ಲಿಂ ಧರ್ಮಗುರುಗಳು ಯಾಕೆ ಬಾಯಿ ಬಿಡುವುದಿಲ್ಲ? ಒಬ್ಬರಾದರೂ ಬಹಿರಂಗವಾಗಿ ಖಂಡಿಸಿದ್ದು ಉಂಟಾ? ಖಂಡಿಸಿದ್ದರೆ ಇದು ಇನ್ನೂ ಯಾಕೆ ನಿಂತಿಲ್ಲ?’

ನಾನು ಮುಸ್ಲಿಮ. ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿದವರನ್ನೂ ನೋಡಿದ್ದೇನೆ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದವರನ್ನೂ ನೋಡಿದ್ದೇನೆ. ನೀವು ಎರಡನೆಯ ಸಾಲಿನವರು ಅಂದುಕೊಂಡೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ‘ಹೌದು, ಖಂಡಿಸಿದ್ದಾರೆ’ ಅಂತ ಒಂದು ಸಾಲು ಬರೆದರೆ ಯಾರೂ ನಂಬುವುದಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯಿಂದಲೇ ಶುರು ಮಾಡೋಣ. ಕೆಲವೇ ದಿನಗಳಲ್ಲಿ ಈಜಿಪ್ಟಿನ ಅಲ್ ಅಝರ್ ಎಂಬ ದೊಡ್ಡ ಇಸ್ಲಾಮಿಕ್ ವಿದ್ಯಾಸಂಸ್ಥೆಯ ಆಗಿನ ಮುಖ್ಯಸ್ಥ ಮುಹಮ್ಮದ್ ಸಯ್ಯಿದ್ ತಂತಾವಿ ಅದನ್ನು ಖಂಡಿಸಿದರು. ಸೌದಿಯ ಗ್ರ್ಯಾಂಡ್ ಮುಫ್ತಿ ಖಂಡಿಸಿದರು. 2005ರಲ್ಲಿ, ಮ್ಯಾಡ್ರಿಡ್ ರೈಲು ಸ್ಫೋಟಕ್ಕೆ ಒಂದು ವರ್ಷ ತುಂಬಿದಾಗ, ಸ್ಪೇನಿನ ಇಸ್ಲಾಮಿಕ್ ಆಯೋಗ ಬಿನ್ ಲಾದೆನ್ ಹೆಸರು ಹಿಡಿದೇ ಫತ್ವಾ (ಧಾರ್ಮಿಕ ಅಭಿಪ್ರಾಯ) ಹೊರಡಿಸಿತು. ಅದೇ ವರ್ಷ ಲಂಡನ್ ಸ್ಫೋಟದ ನಂತರ ಉತ್ತರ ಅಮೆರಿಕದ ಫಿಕ್ಹ್ ಕೌನ್ಸಿಲ್ (ಇಸ್ಲಾಮಿಕ್ ಧರ್ಮಶಾಸ್ತ್ರ ವಿದ್ವಾಂಸರ ಮಂಡಳಿ) ಫತ್ವಾ ಕೊಟ್ಟಿತು. 2008ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ದೇವಬಂದ್‌ನ ದಾರುಲ್ ಉಲೂಮ್ ಮದರಸಾದಲ್ಲಿ ಸಾವಿರಾರು ಮೌಲಾನಾಗಳು ಸೇರಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಅಂತ ಘೋಷಿಸಿದರು. ಮೇ ತಿಂಗಳಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಫತ್ವಾ ಓದಿದರು. ತಾಲಿಬಾನಿಗಳು ತಮ್ಮ ಪಂಥದ ಬೇರು ದೇವಬಂದ್‌ನಲ್ಲೇ ಇದೆ ಅಂತ ಹೇಳಿಕೊಳ್ಳುತ್ತಾರೆ. ಹಾಗಾಗಿ ಆ ಮನೆಯಿಂದಲೇ ಬಂದ ಮಾತಿಗೆ ತೂಕ ಜಾಸ್ತಿ. ಬಾಂಗ್ಲಾದೇಶದಲ್ಲಿ 2016ರ ಜೂನ್‌ನಲ್ಲಿ 1 ಲಕ್ಷಕ್ಕೂ ಹೆಚ್ಚು ಆಲಿಮರು (ಧರ್ಮ ವಿದ್ವಾಂಸರು) ಒಂದೇ ಫತ್ವಾಕ್ಕೆ ಸಹಿ ಹಾಕಿದರು. ಪಾಕಿಸ್ತಾನದಲ್ಲಿ 2018ರ ಜನವರಿಯಲ್ಲಿ 1,800ಕ್ಕೂ ಹೆಚ್ಚು ಜನ ಸಹಿ ಹಾಕಿದ ‘ಪೈಗಾಮ್-ಎ-ಪಾಕಿಸ್ತಾನ್’ ಎಂಬ ಇಂಥದೇ ಫತ್ವಾ ಬಂತು.

2016ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಅವಳ ಸಹಪಾಠಿ ನಿಮ್ಮ ಪ್ರಶ್ನೆಯನ್ನೇ ಕೇಳಿದ್ದ. ಅವಳು ವಾದ ಮಾಡಲಿಲ್ಲ. ಇಂಥ ಖಂಡನೆಗಳನ್ನೆಲ್ಲ ಹುಡುಕಿ ಒಂದು ಕಡೆ ಸೇರಿಸಿದಳು. 712 ಪುಟ ಆಯಿತು.

ಆದರೂ ಪಟ್ಟಿ ನೋಡಿ ಮನಸ್ಸು ಬದಲಾದವರು ಕಡಿಮೆ. ಹೇಳಿಕೆ ಕೊಡುವುದಕ್ಕೆ ಏನು ಖರ್ಚು, ಯಾರು ಬೇಕಾದರೂ ಕೊಡಬಹುದಲ್ವಾ ಅನ್ನುತ್ತಾರೆ. ದೂರದ ಊರಿನಲ್ಲಿ ಕೂತು ಖಂಡಿಸಿದವರ ಬಗ್ಗೆ ಹಾಗೆ ಅನ್ನಬಹುದೇನೋ. ಉಗ್ರರ ಬಂದೂಕಿನ ಎದುರಲ್ಲೇ ನಿಂತು ಖಂಡಿಸಿದವರ ಕತೆ ಬೇರೆ.

ಪೇಶಾವರದ ಮೌಲಾನಾ ಹಸನ್ ಜಾನ್ ದೊಡ್ಡ ವಿದ್ವಾಂಸರು, ದೇವಬಂದಿ ಪಂಥದವರೇ. ಆತ್ಮಾಹುತಿ ದಾಳಿ ಇಸ್ಲಾಮಿನಲ್ಲಿ ಸಲ್ಲದು ಅಂದರು. 2007ರ ಸೆಪ್ಟೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಲಾಹೋರಿನ ಮುಫ್ತಿ ಸರ್ಫರಾಜ್ ನಯೀಮಿ ಬರೇಲ್ವಿ ಎಂಬ ಇನ್ನೊಂದು ಪಂಥದವರು. ಅವರೂ ಆತ್ಮಾಹುತಿ ದಾಳಿ ಹರಾಮ್ (ಧರ್ಮದಲ್ಲಿ ನಿಷಿದ್ಧ) ಅಂತ ಫತ್ವಾ ಕೊಟ್ಟರು, ಪಾಕಿಸ್ತಾನಿ ತಾಲಿಬಾನ್ ಹೆಸರೆತ್ತಿ ಮಾತಾಡಿದರು. 2009ರ ಜೂನ್ 12, ಶುಕ್ರವಾರ. ಜುಮ್ಮಾ ನಮಾಜ್ ಮುಗಿಸಿ ತಮ್ಮ ಮದರಸಾದ ಕಚೇರಿಯಲ್ಲಿ ಕೂತಿದ್ದಾಗ ಒಬ್ಬ ಬಂದು ಬಾಂಬ್ ಸಿಡಿಸಿಕೊಂಡ. ಯಾವುದನ್ನು ಹರಾಮ್ ಅಂದಿದ್ದರೋ ಅದರಿಂದಲೇ ಅವರ ಜೀವ ತೆಗೆದರು. ರಷ್ಯಾದ ದಾಗಿಸ್ತಾನದಲ್ಲಿ ಸೂಫಿ ಗುರು ಸಯೀದ್ ಅಫಂದಿಯವರನ್ನು 2012ರಲ್ಲಿ ಇದೇ ಥರ ಕೊಂದರು. ನೈಜೀರಿಯಾದಲ್ಲಿ ಬೋಕೊ ಹರಾಮ್ ಉಗ್ರ ಸಂಘಟನೆಯ ವಿರುದ್ಧ ಪಾಠ ಹೇಳುತ್ತಿದ್ದ ಶೇಖ್ ಅಲ್ಬಾನಿಯವರನ್ನು 2014ರಲ್ಲಿ ಕೊಂದರು.

ಕಾಬೂಲಿನ ಘಟನೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 2018ರ ಜೂನ್ 4, ರಂಜಾನ್ ತಿಂಗಳು. ಅಫ್ಘಾನಿಸ್ತಾನದ ಮೂಲೆಮೂಲೆಗಳಿಂದ ಸುಮಾರು 2,000 ಉಲೇಮಾಗಳು (ಧರ್ಮ ವಿದ್ವಾಂಸರು) ಒಂದು ದೊಡ್ಡ ಡೇರೆಯಲ್ಲಿ ಸೇರಿದ್ದರು. ಆತ್ಮಾಹುತಿ ದಾಳಿ ಹರಾಮ್, ಈಗ ನಡೆಯುತ್ತಿರುವ ಯುದ್ಧಕ್ಕೆ ಶರೀಅತ್ತಿನಲ್ಲಿ ಆಧಾರವೇ ಇಲ್ಲ ಅಂತ ಫತ್ವಾ ಓದಿದರು. ಸಭೆ ಮುಗಿಸಿ ಹೊರಗೆ ಬರುವಾಗ ಬಾಗಿಲಲ್ಲೇ ಒಬ್ಬ ಆತ್ಮಾಹುತಿ ದಾಳಿಕೋರ ಸಿಡಿಸಿಕೊಂಡ. ಕನಿಷ್ಠ 7 ಜನ ಸತ್ತರು. ಐಎಸ್ (ಇಸ್ಲಾಮಿಕ್ ಸ್ಟೇಟ್) ಉಗ್ರ ಸಂಘಟನೆ ನಾವೇ ಮಾಡಿದ್ದು ಅಂದಿತು. ಬಾಂಗ್ಲಾದಲ್ಲೂ ಅಷ್ಟೇ. ಆ 1 ಲಕ್ಷ ಸಹಿಗಳ ಫತ್ವಾದ ಮುಂದಾಳು ಮೌಲಾನಾ ಫರೀದುದ್ದೀನ್ ಮಸೂದ್, ಶೋಲಾಕಿಯಾ ಈದ್ಗಾದ ಆಗಿನ ಇಮಾಮರು. ಫತ್ವಾ ಬಂದು ಮೂರು ವಾರ ಆಗುವ ಮೊದಲೇ, ಈದ್ ದಿನವೇ, ಆ ಈದ್ಗಾದ ಹತ್ತಿರ ಕಾವಲಿದ್ದ ಪೊಲೀಸರ ಮೇಲೆ ದಾಳಿ ಆಯಿತು.

ಈ ಖಂಡನೆಗಳಿಂದ ಏನೂ ಉಪಯೋಗ ಇಲ್ಲ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಉಗ್ರರು ಹಾಗೆ ಅಂದುಕೊಂಡಿಲ್ಲ. ಒಬ್ಬ ಮುದಿ ಮೌಲಾನಾ ಆಡಿದ ಮಾತಿಗೆ ಹೆದರಿ ಅವರ ಕಚೇರಿಗೆ ಬಾಂಬ್ ಕಳಿಸುತ್ತಾರೆ ಅಂದರೆ ಆ ಮಾತು ಎಲ್ಲೋ ನಾಟಿದೆ.

ಇನ್ನೊಂದು ಬಗೆಯ ಖಂಡನೆ ಇದೆ, ಅದರಲ್ಲಿ ಭಾಷಣವೇ ಇಲ್ಲ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿ ಸತ್ತ 9 ಜನ ಉಗ್ರರ ಶವಗಳು ಜೆಜೆ ಆಸ್ಪತ್ರೆಯ ಶವಾಗಾರದಲ್ಲಿ ಇದ್ದವು. ಮರೀನ್ ಲೈನ್ಸ್‌ನ ಬಡಾ ಖಬರಸ್ತಾನ ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್, ಇವರನ್ನು ನಮ್ಮ ಜಾಗದಲ್ಲಿ ದಫನ್ ಮಾಡಲು ಬಿಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು. ಇದು ಎಷ್ಟು ದೊಡ್ಡ ಮಾತು ಅಂತ ಹೊರಗಿನವರಿಗೆ ತಟ್ಟನೆ ಗೊತ್ತಾಗುವುದಿಲ್ಲ. ಮುಸ್ಲಿಮ ಸತ್ತರೆ ಅವನಿಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಜಾ ನಮಾಜ್ (ಅಂತ್ಯಕ್ರಿಯೆಯ ಪ್ರಾರ್ಥನೆ) ಓದಿ ಮಣ್ಣು ಮಾಡುವುದು ಇಡೀ ಸಮುದಾಯದ ಮೇಲಿರುವ ಫರ್ಜ್, ಅಂದರೆ ಕಡ್ಡಾಯ ಕರ್ತವ್ಯ. ಯಾರೂ ಮಾಡದೇ ಹೋದರೆ ಎಲ್ಲರಿಗೂ ಪಾಪ. ಹೆಣದ ಗುರುತು ಪರಿಚಯ ಇಲ್ಲದಿದ್ದರೂ ನಾಲ್ಕು ಜನ ಸೇರಿ ಆ ಕೆಲಸ ಮುಗಿಸುತ್ತಾರೆ. ಅಂಥ ಕಡೆ ‘ಇವರಿಗೆ ಇಲ್ಲಿ ಆರು ಅಡಿ ಮಣ್ಣೂ ಇಲ್ಲ’ ಅನ್ನುವುದು ಒಬ್ಬ ಟ್ರಸ್ಟಿಗೆ ಸುಲಭದ ತೀರ್ಮಾನ ಅಲ್ಲವೇ ಅಲ್ಲ. ಶವಗಳು ವರ್ಷಕ್ಕೂ ಜಾಸ್ತಿ ಅಲ್ಲೇ ಇದ್ದವು. 2010ರ ಜನವರಿಯಲ್ಲಿ ಸರ್ಕಾರ ಯಾರಿಗೂ ಗೊತ್ತಾಗದ ಹಾಗೆ ಎಲ್ಲೋ ಹೂಳಿತು.

ಬ್ರಿಟನ್ನಿನಲ್ಲೂ ಹೀಗೇ ಆಯಿತು. 2017ರ ಜೂನ್‌ನಲ್ಲಿ ಲಂಡನ್ ಬ್ರಿಜ್ ದಾಳಿ ಆದ ಮೇಲೆ 130ಕ್ಕೂ ಹೆಚ್ಚು ಇಮಾಮರು ಆ ದಾಳಿಕೋರರ ಜನಾಜಾ ನಮಾಜ್ ಓದಿಸುವುದಿಲ್ಲ ಅಂದರು. ಫ್ರಾನ್ಸಿನಲ್ಲಿ 2016ರ ಜುಲೈನಲ್ಲಿ ಚರ್ಚಿನೊಳಗೆ ಪಾದ್ರಿ ಜಾಕ್ ಹಾಮೆಲ್ ಅವರ ಕತ್ತು ಕೊಯ್ದ ಹುಡುಗನನ್ನು ಅವನ ಊರಿನ ಮುಸ್ಲಿಂ ಮುಖಂಡರೇ ಮಣ್ಣು ಮಾಡಲು ಒಪ್ಪಲಿಲ್ಲ. ಮುಂದಿನ ಭಾನುವಾರ ರೂಆನ್ ಕಥೀಡ್ರಲ್‌ನ ಪ್ರಾರ್ಥನೆಗೆ ಮುಸ್ಲಿಮರು ಹೋಗಿ ಕ್ರೈಸ್ತರ ಪಕ್ಕದಲ್ಲಿ ಕೂತರು.

ಹಾಗಾದರೆ ಇದೆಲ್ಲ ಯಾಕೆ ಕೇಳಿಸುವುದಿಲ್ಲ? ಒಂದು ಕಾರಣ ನಿಮಗೂ ಗೊತ್ತಿರುವುದೇ. ಬಾಂಬ್ ಸಿಡಿದರೆ ಅದು ವಾರಗಟ್ಟಲೆ ಸುದ್ದಿ, ಖಂಡನೆ ಒಳಪುಟದ ನಾಲ್ಕು ಸಾಲು. ಅದಕ್ಕಿಂತ ಮುಖ್ಯ ಕಾರಣ ಇಸ್ಲಾಮಿನ ಒಳಗಿನ ವ್ಯವಸ್ಥೆಯಲ್ಲಿದೆ. ಕ್ಯಾಥೊಲಿಕರಿಗೆ ಪೋಪ್ ಇದ್ದ ಹಾಗೆ ಸುನ್ನಿ ಮುಸ್ಲಿಮರಿಗೆ ಯಾರೂ ಇಲ್ಲ. ಶಿಯಾಗಳಲ್ಲಿ ಇರಾಕಿನ ಸೀಸ್ತಾನಿಯವರಂಥ ಹಿರಿಯರ ಮಾತು ನಡೆಯುತ್ತದೆ. 2014ರಲ್ಲಿ ಅವರು ಐಎಸ್ ವಿರುದ್ಧ ಕರೆ ಕೊಟ್ಟಾಗ ಜನ ಸಾವಿರಗಟ್ಟಲೆ ಎದ್ದು ಬಂದರು. ಸುನ್ನಿಗಳಲ್ಲಿ ಫತ್ವಾ ಅಂದರೆ ಒಬ್ಬ ಮುಫ್ತಿಯ ಅಭಿಪ್ರಾಯ, ಕೋರ್ಟಿನ ಆದೇಶ ಅಲ್ಲ. ಒಪ್ಪುವವರು ಒಪ್ಪುತ್ತಾರೆ. ಹಾಗಾಗಿ ‘ಎಲ್ಲರ ಪರವಾಗಿ ಒಬ್ಬರು ಬಂದು ಹೇಳಲಿ’ ಅಂತ ಕಾದರೆ ಆ ಒಬ್ಬರು ಬರುವುದೇ ಇಲ್ಲ.

ಇಲ್ಲಿ ಇನ್ನೊಂದು ಮಾತು ಬರುತ್ತದೆ: ಅವರನ್ನು ‘ಮುಸ್ಲಿಮರೇ ಅಲ್ಲ’ ಅಂತ ಯಾಕೆ ಹೊರಗೆ ಹಾಕುವುದಿಲ್ಲ? 2014ರ ಕೊನೆಯಲ್ಲಿ ಅಲ್ ಅಝರ್ ಐಎಸ್ ಅನ್ನು ಧರ್ಮಭ್ರಷ್ಟರು ಅಂತ ಘೋಷಿಸಲು ಒಪ್ಪದಿದ್ದಾಗ ಜನ ಬಯ್ದರು. ನನಗೂ ಮೊದಲು ಅದು ನುಣುಚಿಕೊಳ್ಳುವ ಮಾತು ಅನಿಸಿತ್ತು. ಕೂತು ಯೋಚಿಸಿದರೆ ವಿಷಯ ಬೇರೆ. ಎದುರಿನವನನ್ನು ‘ನೀನು ಮುಸ್ಲಿಮನಲ್ಲ, ಆದ್ದರಿಂದ ನಿನ್ನನ್ನು ಕೊಲ್ಲಬಹುದು’ ಅನ್ನುವುದೇ ಉಗ್ರರ ಮೂಲ ಆಯುಧ. ಇದಕ್ಕೆ ತಕ್ಫೀರ್ ಅನ್ನುತ್ತಾರೆ. 661ರಲ್ಲಿ ಕೂಫಾದಲ್ಲಿ ಖಲೀಫ ಅಲಿಯವರನ್ನು ಕೊಂದ ಖಾರಿಜಿಗಳು ಎಂಬ ಉಗ್ರ ಪಂಥದವರು ಇದೇ ವಾದ ಹಿಡಿದಿದ್ದರು. ಈಗಲೂ ಮೌಲಾನಾಗಳು ಐಎಸ್‌ನವರನ್ನು ಖಾರಿಜಿಗಳು ಅಂತ ಬಯ್ಯುವುದು ಅದಕ್ಕೇ. 2017ರ ನವೆಂಬರ್‌ನಲ್ಲಿ ಈಜಿಪ್ಟಿನ ಸಿನಾಯ್‌ನಲ್ಲಿ ರೌದಾ ಮಸೀದಿಗೆ ನುಗ್ಗಿ ಜುಮ್ಮಾಗೆ ಬಂದಿದ್ದ 300ಕ್ಕೂ ಹೆಚ್ಚು ಜನರನ್ನು ಕೊಂದವರ ಕಣ್ಣಿಗೆ ಅಲ್ಲಿದ್ದವರು ಮುಸ್ಲಿಮರಾಗಿ ಕಾಣಲೇ ಇಲ್ಲ. ಆ ಆಯುಧವನ್ನು ನಾವೂ ಎತ್ತಿಕೊಳ್ಳಬಾರದು ಅನ್ನುವುದು ಅಲ್ ಅಝರ್‌ನ ನಿಲುವು. ಶಿಕ್ಷೆ ಕಡಿಮೆ ಮಾಡಿ ಅಂತ ಅವರು ಹೇಳಿಲ್ಲ. ಜೋರ್ಡಾನಿನ ಪೈಲಟ್‌ನನ್ನು ಐಎಸ್ ಜೀವಂತ ಸುಟ್ಟಾಗ ಅಲ್ ಅಝರ್ ಮುಖ್ಯಸ್ಥ ಅಹ್ಮದ್ ಅಲ್ ತಯ್ಯಿಬ್ ಅತ್ಯಂತ ಕಠಿಣ ಶಿಕ್ಷೆಯನ್ನೇ ಕೇಳಿದರು.

ನಿಮಗೆ ಒಂದೇ ಒಂದು ಓದಲು ಸಮಯ ಇದ್ದರೆ 2014ರ ಸೆಪ್ಟೆಂಬರ್‌ನಲ್ಲಿ ಐಎಸ್‌ನ ಆಗಿನ ಮುಖ್ಯಸ್ಥ ಬಗ್ದಾದಿಗೆ ಬರೆದ ಬಹಿರಂಗ ಪತ್ರ ಓದಿ. ಮೊದಲು ಸಹಿ ಹಾಕಿದವರು 126 ಜನ ವಿದ್ವಾಂಸರು. ಮೊಸುಲ್‌ನ ಮಸೀದಿಯಲ್ಲಿ ನಿಂತು ಬಗ್ದಾದಿ, ಖಲೀಫ ಅಬೂಬಕರ್ ಅವರ ಮಾತನ್ನು ಅನುಕರಿಸಿ, ನಾನು ತಪ್ಪು ಮಾಡಿದರೆ ನನಗೆ ಬುದ್ಧಿ ಹೇಳಿ ಎಂಬ ಅರ್ಥದ ಮಾತು ಆಡಿದ್ದ. ಪತ್ರ ಅಲ್ಲಿಂದಲೇ ಅವನನ್ನು ಹಿಡಿಯುತ್ತದೆ. ಆಮೇಲೆ 24 ಅಂಶಗಳು. ಅಮಾಯಕರನ್ನು ಕೊಲ್ಲುವಂತಿಲ್ಲ. ಪತ್ರಕರ್ತರು, ನೆರವಿಗೆ ಬಂದವರು ದೂತರಿದ್ದ ಹಾಗೆ, ಅವರನ್ನು ಮುಟ್ಟುವಂತಿಲ್ಲ. ಕ್ರೈಸ್ತರಿಗೆ, ಯಜೀದಿಗಳಿಗೆ ಕೇಡು ಮಾಡುವಂತಿಲ್ಲ. ಗುಲಾಮಗಿರಿ ವಾಪಸ್ ತರುವಂತಿಲ್ಲ. ಚಿತ್ರಹಿಂಸೆ ಕೊಡುವಂತಿಲ್ಲ. ‘ಇಸ್ಲಾಂ ಶಾಂತಿ ಧರ್ಮ’ ಅಂತ ಹೇಳಿ ಮುಗಿಸುವ ಹೇಳಿಕೆಗಳು ನನಗೆ ಸಾಕಾಗಿವೆ. ಈ ಪತ್ರ ಹಾಗಲ್ಲ. ಉಗ್ರರು ಕುರಾನಿನ ಯಾವ ಆಯತ್ (ವಾಕ್ಯ) ಹಿಡಿದು ಮಾತಾಡುತ್ತಾರೋ ಅದನ್ನೇ ತೆಗೆದು, ಹಿಂದಿನ ಮುಂದಿನ ಸಾಲು ಸೇರಿಸಿ, ಇಲ್ಲಿ ನೀನು ತಪ್ಪಿದ್ದೀಯ ಅಂತ ತೋರಿಸುತ್ತದೆ.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. 9/11 ದಾಳಿಯನ್ನು ಮಾರನೇ ದಿನವೇ ಖಂಡಿಸಿ, ಗಾಯಾಳುಗಳಿಗೆ ರಕ್ತ ಕೊಡಿ ಅಂದ ಹೆಸರಾಂತ ಧರ್ಮ ವಿದ್ವಾಂಸ ಯೂಸುಫ್ ಅಲ್ ಖರ್ದಾವಿಯವರೇ ಇಸ್ರೇಲಿನಲ್ಲಿ ಪ್ಯಾಲೆಸ್ತೀನಿಯರು ಮಾಡುತ್ತಿದ್ದ ಆತ್ಮಾಹುತಿ ದಾಳಿಗಳನ್ನು ಸಮರ್ಥಿಸಿದ್ದರು. ಒಂದು ಕಡೆ ಹರಾಮ್, ಇನ್ನೊಂದು ಕಡೆ ಜಾಯಿಜ್ (ಸರಿ) ಅಂದರೆ ಕೇಳುವ ಹುಡುಗ ಏನು ತಿಳಿದುಕೊಳ್ಳಬೇಕು? ಬಸ್ಸಿನಲ್ಲಿ ಕೂತ ಪ್ರಯಾಣಿಕ ಯಾವ ದೇಶದವನಾದರೂ ಅಮಾಯಕನೇ. ಇಂಥ ಅರ್ಧ ಖಂಡನೆಗಳು ಮಾಡಿದ ಹಾನಿ ಸಣ್ಣದಲ್ಲ, ಅದನ್ನು ನಮ್ಮವರೇ ಹೇಳಬೇಕು. ಇನ್ನು ಸರ್ಕಾರದ ಸಂಬಳ ತೆಗೆದುಕೊಳ್ಳುವ ಮುಫ್ತಿಗಳ ಫತ್ವಾ. ಅದರಲ್ಲಿ ಬರೆದದ್ದು ಸರಿಯಿದ್ದರೂ, ಇದು ಅರಮನೆಯ ಮಾತು ಅಂತ ಯುವಕರು ಪಕ್ಕಕ್ಕೆ ಇಡುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ: ಆದರೂ ಯಾಕೆ ನಿಂತಿಲ್ಲ? ಉಗ್ರರ ಕಡೆ ಹೋಗುವವರಲ್ಲಿ ತುಂಬಾ ಜನ ಮಸೀದಿಯ ಇಮಾಮರನ್ನು ಕೇಳಿ ಹೋದವರಲ್ಲ. ಫೋನಿನಲ್ಲಿ ಸಿಕ್ಕ ವಿಡಿಯೊ, ಅದರ ಹಿಂದೆ ಬಂದ ಒಬ್ಬ ‘ಭಾಯಿ’, ಎದೆಯಲ್ಲಿದ್ದ ಯಾವುದೋ ಸಿಟ್ಟು. ಅಲ್ಲಿಗೆ ಫತ್ವಾ ತಲುಪುವುದೇ ಇಲ್ಲ. ತಲುಪಬೇಕಾದರೆ ಮೌಲಾನಾ ತಾನೇ ಎದ್ದು ಅವನ ಹತ್ತಿರ ಹೋಗಬೇಕು.

ಸಿಂಗಾಪುರದಲ್ಲಿ ಹಾಗೆ ಹೋದರು. 2001ರ ಕೊನೆಗೆ ಅಲ್ಲಿ ಜೆಮಾ ಇಸ್ಲಾಮಿಯಾ ಎಂಬ ಉಗ್ರ ಸಂಘಟನೆಯವರು ಸಿಕ್ಕಿಬಿದ್ದರು. 2003ರಲ್ಲಿ ಅಲ್ಲಿನ ಮೌಲಾನಾಗಳು ಸ್ವಯಂಸೇವಕರಾಗಿ ಒಂದು ಗುಂಪು ಕಟ್ಟಿಕೊಂಡು ಜೈಲಿಗೆ ಹೋಗಲು ಶುರು ಮಾಡಿದರು. ಬಂಧಿಯ ಎದುರು ಕೂತು ಅವನು ಏನು ಕಲಿತಿದ್ದಾನೆ ಅಂತ ಮೊದಲು ಕೇಳುವುದು. ಎಷ್ಟೋ ಜನರನ್ನು ಹಿಡಿದಿಟ್ಟಿದ್ದದ್ದು ನಾಯಕನಿಗೆ ಕೊಟ್ಟ ಬೈಅತ್, ಅಂದರೆ ನಿಷ್ಠೆಯ ಪ್ರಮಾಣ. ಅದನ್ನು ಮುರಿದರೆ ಅಲ್ಲಾಹನಿಗೆ ದ್ರೋಹ ಅಂತ ಅವರಿಗೆ ಹೇಳಿಕೊಟ್ಟಿದ್ದರು. ತಪ್ಪು ಕೆಲಸಕ್ಕೆ ಕೊಟ್ಟ ಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ ಅಂತ ಮೌಲಾನಾಗಳು ಕಿತಾಬು ಬಿಚ್ಚಿ ತೋರಿಸಬೇಕಾಯಿತು. ಒಂದು ದಿನಕ್ಕೆ ಆಗುವ ಕೆಲಸ ಅಲ್ಲ, ಮತ್ತೆ ಮತ್ತೆ ಹೋಗಬೇಕು. ಅದರ ಜೊತೆಗೆ ಬಂಧಿಗಳ ಕುಟುಂಬದವರಿಗೂ ತಿಳಿಹೇಳಿದರು. ಆ ಗುಂಪು ಮುಂದೆಯೂ ಅದೇ ಕೆಲಸ ಮುಂದುವರಿಸಿತು. ಐಎಸ್ ವಿಡಿಯೊ ನೋಡಿ ಕೆಟ್ಟ ಹುಡುಗರು ಸಿಕ್ಕಿಬೀಳಲು ಶುರುವಾದಾಗ ಅವರ ಹತ್ತಿರವೂ ಈ ಮೌಲಾನಾಗಳೇ ಹೋಗಿ ಕೂತರು.