ಆರೋಗ್ಯ ಪ್ರಶ್ನೋತ್ತರ: ದವಾಖಾನೆ ಚೀಟಿಯ ಮೇಲಿನ ಪದಗಳು

ನಮ್ಮ ಮನ್ಯಾಗ ಎಲ್ಲಾರ್ದೂ ಆಭಾ ಕಾರ್ಡ್ ಐತ್ರಿ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದರೆ ‘ಇದು ನಡೆಯೂದಿಲ್ಲ’ ಅಂದರು. ಇದು ಐದು ಲಕ್ಷದ ಕಾರ್ಡ್ ಅಲ್ಲೇನು?
– ಕುಂದಗೋಳದ ಓದುಗರು

ಅಲ್ಲ. ಆಭಾ ಎಂದರೆ 14 ಅಂಕಿಯ ಒಂದು ಗುರುತು ಸಂಖ್ಯೆ. ನಿಮ್ಮ ತಪಾಸಣೆ, ವರದಿ, ಔಷಧ ಚೀಟಿಗಳನ್ನು ಒಂದೇ ಕಡೆ ಜೋಡಿಸಿಡಲು ಅದು ಬೇಕು. ಚಿಕಿತ್ಸೆಯ ಖರ್ಚಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಖರ್ಚು ಭರಿಸುವುದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆ. 2018ರಲ್ಲಿ ರಾಜ್ಯದ ಯೋಜನೆಯೂ ಕೇಂದ್ರದ ಯೋಜನೆಯೂ ಕೂಡಿ ಆದದ್ದು ಇದು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು. ಇದು ತಲೆಗೆ ಐದು ಲಕ್ಷವಲ್ಲ, ಇಡೀ ಕುಟುಂಬಕ್ಕೆ.

ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಟ್ಟು 1.5 ಲಕ್ಷ ಮೀರದಂತೆ. ಇಲ್ಲಿ ‘ಪ್ಯಾಕೇಜ್ ದರ’ ಎಂಬ ಪದದ ಮೇಲೆ ಕಣ್ಣಿಡಿ. ಅದು ಆಸ್ಪತ್ರೆ ಬರೆಯುವ ಬಿಲ್ಲಲ್ಲ, ಆ ಚಿಕಿತ್ಸೆಗೆ ಸರ್ಕಾರ ಮೊದಲೇ ಕಟ್ಟಿಟ್ಟ ಬೆಲೆ. ಪ್ಯಾಕೇಜ್ 40,000 ರೂಪಾಯಿ ಇದ್ದರೆ ಯೋಜನೆಯಿಂದ 12,000 ಬರುತ್ತದೆ, 28,000 ನೀವು ಕೊಡಬೇಕು. ಇನ್ನೊಂದು ಮಾತು: ಆಸ್ಪತ್ರೆಗಳ ನೋಂದಣಿ ವಿಭಾಗವಾರು ಆಗಿರುತ್ತದೆ. ಹೃದಯ ಚಿಕಿತ್ಸೆಗೆ ನೋಂದಣಿ ಇರುವ ಆಸ್ಪತ್ರೆಗೆ ಎಲುಬಿನ ಚಿಕಿತ್ಸೆಗೆ ಇಲ್ಲದಿರಬಹುದು. ‘ಆಯುಷ್ಮಾನ್ ನಡೀತದೇನ್ರಿ?’ ಎಂದಷ್ಟೇ ಕೇಳಬೇಡಿ, ಯಾವ ಚಿಕಿತ್ಸೆಗೆ ಎಂದು ಹೇಳಿ ಕೇಳಿ.

ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕು. ಸರ್ಕಾರಿ ದವಾಖಾನಿಯಿಂದ ರೆಫರಲ್ ಚೀಟಿ ಒಯ್ದರೂ ಖಾಸಗಿ ಆಸ್ಪತ್ರೆಯವರು ‘ಇದು ಸರಿ ಇಲ್ಲ, ಬ್ಯಾರೆ ತರ್ರಿ’ ಎಂದು ತಿರುಗಿ ಕಳಿಸಿದರು. ಚೀಟಿ ಚೀಟಿಯೇ ಅಲ್ಲವೇ?
– ರೋಣದ ಓದುಗರು

ಈ ಪ್ರಶ್ನೆ ಬಹಳ ಜನರದ್ದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇವೆ. ರೆಫರಲ್ ಎಂದರೆ ‘ಈ ಚಿಕಿತ್ಸೆ ನಮ್ಮಲ್ಲಿ ಆಗುವುದಿಲ್ಲ, ಆಗುವ ಕಡೆ ಕಳಿಸುತ್ತಿದ್ದೇವೆ’ ಎಂದು ಸರ್ಕಾರಿ ವೈದ್ಯರು ಬರೆದುಕೊಡುವ ಮಾತು. ಯೋಜನೆಯಲ್ಲಿ ಚಿಕಿತ್ಸೆಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. 2ಎ ಎಂದರೆ ಸರಳ ದ್ವಿತೀಯ ಹಂತ, ಅಂದರೆ ತಜ್ಞರು ಮಾಡುವ ಸಾಧಾರಣ ಚಿಕಿತ್ಸೆಗಳು; ಇವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕಾದವು. 2ಬಿ ಕ್ಲಿಷ್ಟ ದ್ವಿತೀಯ ಹಂತ, 3ಎ ತೃತೀಯ ಹಂತ, ಅಂದರೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆ. ಇವೆರಡಕ್ಕೆ ಖಾಸಗಿಗೆ ಹೋಗಲು ರೆಫರಲ್ ಬೇಕು. 4ಎ ತುರ್ತು. ಅದಕ್ಕೆ ರೆಫರಲ್ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಎದೆನೋವು ಎದ್ದು ಹೃದಯಾಘಾತವಾದ ಮನುಷ್ಯನನ್ನು ಚೀಟಿಗಾಗಿ ಊರೂರು ಸುತ್ತಿಸುವುದು ಪ್ರಾಣಕ್ಕೆ ಎರವಾದೀತು. ಆದರೆ ತಪಾಸಣೆ ಮಾಡಿಸಿ, ದಿನ ಗೊತ್ತು ಮಾಡಿಕೊಂಡು ಹಾಕಿಸುವ ಸ್ಟೆಂಟಿಗೆ ಚೀಟಿ ಬೇಕೇ ಬೇಕು.

ಚೀಟಿ ಎಡವುವುದು ಎಲ್ಲಿ? ಎಷ್ಟೋ ಚೀಟಿಗಳಲ್ಲಿ ಹೆಸರು, ವಯಸ್ಸು, ಕೆಳಗೆ ‘ರೆಫರ್ಡ್ ಟು ಹೈಯರ್ ಸೆಂಟರ್’ ಎಂಬ ಒಂದೇ ಸಾಲು ಇರುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದಷ್ಟೇ ಅದರ ಅರ್ಥ. ಯಾವ ರೋಗ, ಯಾವ ವಿಭಾಗ, ಏಕೆ ಇಲ್ಲಿ ಆಗದು ಎಂಬುದು ಅದರಲ್ಲಿ ಇಲ್ಲ. ಕೌಂಟರ್ ಬಿಡುವ ಮೊದಲೇ ನಿಂತು ನೋಡಿಕೊಳ್ಳಿ: ರೋಗದ ಹೆಸರು, ಬೇಕಾದ ಚಿಕಿತ್ಸೆ, ವಿಭಾಗ, ತಾರೀಖು, ವೈದ್ಯರ ಸಹಿ, ಆಸ್ಪತ್ರೆಯ ಮೊಹರು. ಹೆಸರಿನ ಅಕ್ಷರವೂ ತೊಡಕು ತರುತ್ತದೆ. ರೇಷನ್ ಕಾರ್ಡಿನಲ್ಲಿ ‘ಫಕ್ಕೀರಪ್ಪ’, ಆಧಾರಿನಲ್ಲಿ ‘ಫಕೀರಪ್ಪ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಇದನ್ನು ಮೈಯಲ್ಲಿ ಆರಾಮ ಇದ್ದಾಗಲೇ ತಿದ್ದಿಸಿಡಬೇಕು.

ಖಾಸಗಿಯಲ್ಲಿ ದಾಖಲಾಗಿ ನಂತರ ಚೀಟಿಗೆ ಓಡುವುದು ಇನ್ನೊಂದು ತಪ್ಪು. ದಾಖಲಾದ ಮೇಲೆ ಆಸ್ಪತ್ರೆಯು ಶಸ್ತ್ರಚಿಕಿತ್ಸೆಗೆ ಮೊದಲೇ ಟ್ರಸ್ಟಿನ ಒಪ್ಪಿಗೆ ಪಡೆಯಬೇಕು. ಇದನ್ನು ಅಲ್ಲಿಯವರು ‘ಪ್ರಿ-ಆಥ್’ ಎನ್ನುತ್ತಾರೆ, ಪೂರ್ವಾನುಮತಿ ಎಂದರ್ಥ. ‘ಪ್ರಿ-ಆಥ್ ಬಂತೇನ್ರಿ?’ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕ ಸಿಬ್ಬಂದಿ) ಕೇಳಿ, ಬಂದ ಮೇಲೆಯೇ ಮುಂದುವರಿಯಿರಿ. ಇದು ನಗದುರಹಿತ ಯೋಜನೆ. ಕೈಯಿಂದ ಕಟ್ಟಿ, ಬಿಲ್ ತಂದು ಆಮೇಲೆ ದುಡ್ಡು ಕೇಳಿದರೆ ಬರುವುದಿಲ್ಲ.

ನಿಮ್ಮ ಕಡೆಯವರು ಮೊದಲು ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಇಲ್ಲವೇ ಹುಬ್ಬಳ್ಳಿಯ ಕೆಎಂಸಿಆರ್‌ಐಯಲ್ಲಿ ಆ ಚಿಕಿತ್ಸೆ ಆಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಕೆಎಂಸಿಆರ್‌ಐ ಅಂದರೆ ಜನ ಈಗಲೂ ಕಿಮ್ಸ್ ಎಂದು ಕರೆಯುವ ಅದೇ ದವಾಖಾನೆ.

ಆಶಾ, ಎಎನ್‌ಎಂ, ಸಿಎಚ್‌ಒ: ಮೂವರೂ ನಮ್ಮೂರಿಗೆ ಬರುತ್ತಾರೆ. ಯಾವುದಕ್ಕೆ ಯಾರನ್ನು ಕೇಳಬೇಕು?
– ಸವಣೂರಿನ ಓದುಗರು

ಆಶಾ ನಿಮ್ಮೂರಿನ ಹೆಣ್ಣುಮಗಳೇ. ಸುಮಾರು 1,000 ಜನಸಂಖ್ಯೆಗೆ ಒಬ್ಬರು. ಗರ್ಭಿಣಿಯ ನೋಂದಣಿ ಮಾಡಿಸುವುದು, ಜೊತೆಗೆ ಆಸ್ಪತ್ರೆಗೆ ಬರುವುದು, ಮಗುವಿನ ಲಸಿಕೆಯ ದಿನ ನೆನಪಿಸುವುದು ಅವರ ಕೆಲಸ. ಇಂಜೆಕ್ಷನ್ ಕೊಡುವುದಿಲ್ಲ. ಲಸಿಕೆ ಹಾಕುವವರು, ತಾಯಿ ಕಾರ್ಡ್ ತುಂಬುವವರು ಎಎನ್‌ಎಂ. ಊರಲ್ಲಿ ‘ಸಿಸ್ಟರ್’ ಎಂದರೂ ನಮ್ಮ ರಾಜ್ಯದಲ್ಲಿ ಅವರ ಈಗಿನ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಸಿಎಚ್‌ಒ ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಉಪಕೇಂದ್ರದಲ್ಲಿ ಕೂರುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆಗೂ, ವೈದ್ಯರು ಬರೆದ ಮಾತ್ರೆ ತಿಂಗಳು ತಿಂಗಳು ಪಡೆಯಲಿಕ್ಕೂ ಅವರ ಬಳಿ ಹೋಗಿ.

ಪಿಎಚ್‌ಸಿ, ಸಿಎಚ್‌ಸಿ, ನಮ್ಮ ಕ್ಲಿನಿಕ್ – ವ್ಯತ್ಯಾಸ ಹೇಳಿ.
– ಮುಂಡರಗಿಯ ಓದುಗರು

ಬಯಲು ಸೀಮೆಯ ಲೆಕ್ಕದಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಪಿಎಚ್‌ಸಿ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಸಿಎಚ್‌ಸಿ ಅಂದರೆ ಸಮುದಾಯ ಆರೋಗ್ಯ ಕೇಂದ್ರ. ಸಿಎಚ್‌ಸಿಯಲ್ಲಿ 30 ಹಾಸಿಗೆ, ತಜ್ಞ ವೈದ್ಯರು ಇರಬೇಕು ಎಂಬುದು ಮಾನದಂಡ. ಮಾನದಂಡ ಬೇರೆ, ಭರ್ತಿಯಾದ ಹುದ್ದೆ ಬೇರೆ. ಹೆರಿಗೆಗೆ ಮೊದಲೇ ಹೋಗಿ ಸಿಸೇರಿಯನ್ ಮತ್ತು ಅರಿವಳಿಕೆ ತಜ್ಞರು ಇದ್ದಾರೆಯೇ ಕೇಳಿಕೊಳ್ಳಿ. ನಮ್ಮ ಕ್ಲಿನಿಕ್ ಇರುವುದು ನಗರದ ಬಡಾವಣೆಗಳಿಗೆ. 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಅಲ್ಲಿ ಹೊರರೋಗಿ ಸೇವೆ ಮಾತ್ರ, ದಾಖಲಾತಿ ಇಲ್ಲ.

ನಮ್ಮ ಪಿಎಚ್‌ಸಿ ವ್ಯಾಪ್ತಿಯಲ್ಲಿ ಕಳೆದ ವರ್ಷ ಒಬ್ಬ ಬಾಣಂತಿ ತೀರಿಕೊಂಡರು. ಸಭೆಯಲ್ಲಿ ‘ನಿಮ್ಮಲ್ಲಿ ಎಂಎಂಆರ್ 200 ದಾಟಿದೆ’ ಎಂದರು. ಸತ್ತವರು ಒಬ್ಬರೇ, 200 ಎಲ್ಲಿಂದ ಬಂತು?
– ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರು

ಎಂಎಂಆರ್ ಅಂದರೆ ತಾಯಂದಿರ ಮರಣ ಅನುಪಾತ: 1,00,000 ಜೀವಂತ ಜನನಗಳಿಗೆ ಎಷ್ಟು ತಾಯಂದಿರು ತೀರಿಕೊಂಡರು ಎಂಬ ಲೆಕ್ಕ. ಬಸಿರಿದ್ದಾಗ ಅಥವಾ ಬಸಿರು ಮುಗಿದ 42 ದಿನದೊಳಗೆ, ಅದಕ್ಕೆ ಸಂಬಂಧಿಸಿದ ಕಾರಣದಿಂದ ಆದ ಸಾವು ಮಾತ್ರ ಇದರಲ್ಲಿ ಸೇರುತ್ತದೆ. ನಿಮ್ಮ ಪಿಎಚ್‌ಸಿಗೆ 30,000 ಜನ, ಸಾವಿರಕ್ಕೆ 16 ಜನನ ಎಂದಿಟ್ಟುಕೊಂಡರೆ ವರ್ಷಕ್ಕೆ 480 ಹೆರಿಗೆ. ಒಂದು ಸಾವನ್ನು 480ರಿಂದ ಭಾಗಿಸಿ ಲಕ್ಷದಿಂದ ಗುಣಿಸಿದರೆ 208. ಮುಂದಿನ ವರ್ಷ ಯಾರೂ ಸಾಯದಿದ್ದರೆ ಅದೇ ಅಂಕಿ ಸೊನ್ನೆ. ಇಷ್ಟು ಜಿಗಿಯುವ ಅಂಕಿಯಿಂದ ಒಂದು ಪಿಎಚ್‌ಸಿಯನ್ನು ಅಳೆಯುವುದು ತಪ್ಪು. ಅದಕ್ಕೇ ರಾಜ್ಯದ ಮಟ್ಟದಲ್ಲೂ ಮೂರು ವರ್ಷ ಕೂಡಿಸಿ ಲೆಕ್ಕ ಹಾಕುತ್ತಾರೆ: 2018–20ರಲ್ಲಿ ಕರ್ನಾಟಕದ್ದು 69, ದೇಶದ್ದು 97. ಐಎಂಆರ್ ಬೇರೆ, ಅದು ವರ್ಷ ತುಂಬುವ ಮೊದಲೇ ತೀರಿಕೊಂಡ ಕೂಸುಗಳ ಲೆಕ್ಕ, 1,000 ಜನನಕ್ಕೆ.

ಹಾಗೆಂದು ಆ ಒಂದು ಸಾವನ್ನು ಬಿಟ್ಟುಬಿಡಬೇಡಿ. ಪ್ರತಿ ತಾಯಿಯ ಮರಣಕ್ಕೂ ಪರಿಶೀಲನೆ ಆಗಲೇಬೇಕು. ಅದರಲ್ಲಿ ಮೂರು ವಿಳಂಬ ಹುಡುಕುತ್ತಾರೆ: ಮನೆಯವರು ನಿರ್ಧರಿಸುವಲ್ಲಿ, ಆಸ್ಪತ್ರೆ ಮುಟ್ಟುವಲ್ಲಿ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಸಭೆಯಲ್ಲಿ ನೀವು ಕೇಳಬೇಕಾದ್ದು ಇದು: ನೋವು ಎಷ್ಟು ಗಂಟೆಗೆ ಶುರುವಾಯಿತು, 108ಕ್ಕೆ ಎಷ್ಟಕ್ಕೆ ಕರೆ ಹೋಯಿತು, ವಾಹನ ಎಷ್ಟಕ್ಕೆ ಬಂತು, ಎಷ್ಟು ಆಸ್ಪತ್ರೆ ಬದಲಾಯಿತು, ರಕ್ತ ಎಷ್ಟು ಹೊತ್ತಿಗೆ ಸಿಕ್ಕಿತು. ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಡಿಸ್ಚಾರ್ಜ್ ಕಾಗದದಲ್ಲಿ ‘ಡಾಮಾ’ ಎಂದು ಬರೆದಿದ್ದಾರೆ. ಇದು ರೋಗದ ಹೆಸರೇ?
– ಹುಬ್ಬಳ್ಳಿಯ ಓದುಗರು

ರೋಗವಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ ನೀವಾಗಿಯೇ ಬಿಡುಗಡೆ ಪಡೆದಿರಿ ಎಂದರ್ಥ; ಕೆಲವೆಡೆ ‘ಲಾಮಾ’ ಎಂದೂ ಬರೆಯುತ್ತಾರೆ. ವೈದ್ಯರೇ ಬೇರೆ ಆಸ್ಪತ್ರೆಗೆ ಕಳಿಸಿದ್ದರೆ ಆ ಪದ ಬರಕೂಡದು, ‘ರೆಫರ್ಡ್’ ಎಂದಿರಬೇಕು. ಹಾಗಾಗಿದ್ದರೆ ಆ ದಿನವೇ ವಾರ್ಡಿನ ವೈದ್ಯರಲ್ಲಿ ಹೇಳಿ ತಿದ್ದಿಸಿಕೊಳ್ಳಿ. ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ.