ಆಮೆಮರಿ ಬಿದ್ದಾಗ ಮಗಳು ಅಳುತ್ತಾಳೆ

ಪ್ರಶ್ನೆ: ಐದು ವರ್ಷದ ಮಗಳಿಗೆ ರಾತ್ರಿ ಚಿತ್ರಪುಸ್ತಕ ಓದಿ ಹೇಳುತ್ತೇನೆ. ಮರ ಹತ್ತಲು ಆಸೆಪಡುವ ಆಮೆಮರಿಯ ಕಥೆಯೆಂದರೆ ಅವಳಿಗೆ ಪ್ರಾಣ. ಅದು ಜಾರಿ ಬೀಳುವ ಪುಟ ಬಂದರೆ ಅಳುತ್ತಾಳೆ. ಮರುದಿನ ಅದೇ ಪುಸ್ತಕ ಬೇಕೆನ್ನುತ್ತಾಳೆ. "ಆಮೆ ಎಲ್ಲಾದರೂ ಮರ ಹತ್ತುತ್ತದೆಯೇನಮ್ಮ? ಇಲ್ಲದ್ದನ್ನು ತಲೆಗೆ ತುಂಬಬೇಡ" ಎನ್ನುತ್ತಾರೆ ಮಾವನವರು. ನಿಲ್ಲಿಸಲೇ, ಮೇಡಂ?
– ಒಬ್ಬ ತಾಯಿ, ಶಿರಾ

ಉತ್ತರ: ಖಂಡಿತ ನಿಲ್ಲಿಸಬೇಡಿ, ತಾಯಿ. ಅಳಿಸುವ ಪುಟವನ್ನೇ ಮತ್ತೆ ಕೇಳುತ್ತಾಳೆಂದರೆ ಅಲ್ಲಿ ಅವಳದೇನೋ ಇದೆ. ಅದನ್ನು ಬೇಗ ಮಗುಚಬೇಡಿ, ಕೊನೆಗೆ ಎಲ್ಲ ಸರಿಹೋಗುತ್ತದೆಂದು ಸಮಾಧಾನವನ್ನೂ ಹೇಳಬೇಡಿ. "ಆಮೆಗೆ ಈಗ ಏನನ್ನಿಸುತ್ತಿದೆ?" ಎಂದು ಕೇಳಿ ಕಾಯಿರಿ. ಒಂದನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ. "ಯಾಕೆ ಅಳುತ್ತೀಯ?" ಎಂದರೆ ತಲೆ ತಗ್ಗಿಸುವ ಮಗು, ಆಮೆಯ ವಿಚಾರ ಕೇಳಿದರೆ "ಅದರ ಜೊತೆ ಯಾರೂ ಆಡುವುದಿಲ್ಲ" ಎನ್ನುತ್ತದೆ. ಆ ಮಾತು ಆಮೆಯದಲ್ಲವೆಂದು ಬಿಡಿಸಿ ಹೇಳಬೇಕೇ?

ಮಾವನವರಿಗೆ ಪಂಚತಂತ್ರ ನೆನಪಿಸಿ. ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದದ್ದು ಹನ್ನೊಂದನೆಯ ಶತಮಾನದಲ್ಲಿ. ಪ್ರಾಣಿಗಳ ಬಾಯಲ್ಲಿ ಮಾತು ನಮಗೆ ಹೊಸದಲ್ಲ. ಆದರೆ ಅಲ್ಲಿನ ನರಿ, ಸಿಂಹಗಳು ಲೋಕ ಬಲ್ಲ ದೊಡ್ಡವರು. ಇಂದಿನ ಚಿತ್ರಪುಸ್ತಕದ ಮರಿಗೆ ಇನ್ನೂ ಏನೂ ಗೊತ್ತಿಲ್ಲ, ಆಸೆ ಮಾತ್ರ ಬೆಟ್ಟದಷ್ಟು. ಐದು ವರ್ಷದವಳಿಗೆ ಬೇಕಾದ ಜೊತೆ ಅದು.

ಕೊಳ್ಳುವಾಗ ಕೊನೆಯ ಪುಟವನ್ನು ಮೊದಲು ನೋಡಿ. ಅಮ್ಮ ಬಂದು "ನೀನು ಇದ್ದ ಹಾಗೇ ಚೆನ್ನ, ಆ ಹುಚ್ಚು ಬಿಡು" ಎಂದು ಉಪದೇಶಿಸಿ ಮುಗಿಸುವ ಪುಸ್ತಕ ನನಗೆ ಸೇರದು. ಮರಿ ಮತ್ತೊಂದು ದಾರಿ ಹುಡುಕಬೇಕು, ಅದೂ ತನ್ನ ಕಾಲಿನ ಮೇಲೆಯೇ. ದುಡ್ಡು ಕೊಟ್ಟೇ ತರಬೇಕೆಂದಿಲ್ಲ: ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿವೆ. ಅಲ್ಲಿ ಕಥೆಗಳನ್ನು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ; ಮಗಳಿಗೆ ಒಂದನೇ, ಎರಡನೇ ಹಂತದವು ಸಾಕು. ಮುದ್ರಿಸಿಕೊಂಡು ಓದಿ, ಕಾಗದದ ಮೇಲಾದರೆ ಅವಳು ಬೇಕಾದಷ್ಟು ಹೊತ್ತು ನಿಲ್ಲುತ್ತಾಳೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ನಿಮ್ಮದೇ ತಾಲ್ಲೂಕಿನ ಕಗ್ಗಲಡುವಿಗೆ ಅಜ್ಜನೇ ಮೊಮ್ಮಗಳನ್ನು ಕರೆದೊಯ್ಯಲಿ. ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ದೊಡ್ಡವಕ್ಕಿರುವ ಗುಲಾಬಿ ಗರಿ ಮರಿಗಳಿಗೆ ಇರುವುದಿಲ್ಲ. ಹಾರಲು ಬಾರದಿದ್ದರೂ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತವೆ. ಆ ಮರಿಗೆ ಏನನ್ನಿಸುತ್ತಿರಬಹುದೆಂದು ಮೊಮ್ಮಗಳು ಕೇಳಿಯೇ ಕೇಳುತ್ತಾಳೆ. ಉತ್ತರವನ್ನು ಅಜ್ಜನೇ ಹೇಳಲಿ.