ಡ್ರೈವರ್ ಪ್ಯಾಂಟಿನ ಸೊಂಟದ ಅಳತೆ

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರು ಬಸ್ ಡ್ರೈವರ್. ವಯಸ್ಸು 47. ಶುಗರ್ ಶುರುವಾಗಿದೆ. ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. 'ಬಸ್ ಓಡಿಸಿ ಮೈಯೆಲ್ಲ ಹಣ್ಣಾಗಿರುತ್ತೆ, ಮತ್ತೆ ವ್ಯಾಯಾಮ ಬೇರೆ ಯಾಕೆ? ಅಷ್ಟು ಕಸರತ್ತು ಮಾಡ್ತಿದ್ದ ಅಪ್ಪುನೇ ಹೋಗಿಬಿಟ್ರು' ಅಂತಾರೆ. ವರ್ಷಕ್ಕೊಂದು ಸಲ ಖಾಕಿ ಪ್ಯಾಂಟಿನ ಸೊಂಟ ಬಿಚ್ಚಿಸಿ ಹೊಲಿಸ್ತಿದ್ದೇವೆ. ಮಗ ಕಬಡ್ಡಿ ಆಡ್ತಿದ್ದ, ಸೆಕೆಂಡ್ ಪಿಯುಸಿ ಅಂತ ಬಿಡಿಸಿದ್ದೇವೆ. ವ್ಯಾಯಾಮ ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ, ನೀವಾದರೂ ಹೇಳಿ."

ನಮಸ್ಕಾರ ಅಮ್ಮ. ಒಳ್ಳೆಯದೇ. ಆದರೆ ಇಷ್ಟು ಹೇಳಿ ಮುಗಿಸಿದರೆ ನಿಮ್ಮ ಯಜಮಾನರು ಒಪ್ಪಲಿಕ್ಕಿಲ್ಲ. ಅವರಿಗೆ ಒಂದು ಕಥೆ ಓದಿ ಹೇಳಿ. ಅದು ಬಸ್ಸಿನವರದೇ ಕಥೆ. ನಿಮ್ಮ ಪತ್ರದ ಆ ಖಾಕಿ ಪ್ಯಾಂಟು ನೋಡಿದ ಕೂಡಲೇ ನೆನಪಾಯಿತು.

ಎರಡನೇ ಮಹಾಯುದ್ಧ ಮುಗಿದ ಕಾಲ. ಬ್ರಿಟನ್ನಿನಲ್ಲಿ ಹೃದಯಾಘಾತ ಜಾಸ್ತಿಯಾಗುತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ಡಾಕ್ಟರು ಲಂಡನ್ನಿನ ಬಸ್ಸು, ಟ್ರಾಮುಗಳ ನೌಕರರ ಲೆಕ್ಕ ತೆಗೆದರು. 35ರಿಂದ 64 ವರ್ಷದ ಸುಮಾರು 31,000 ಗಂಡಸರು. ಡ್ರೈವರು, ಕಂಡಕ್ಟರು ಇಬ್ಬರೂ ಒಂದೇ ಸಂಸ್ಥೆಯವರು, ಒಂದೇ ಥರದ ಮನೆತನದವರು. ಒಂದೇ ವ್ಯತ್ಯಾಸ ಅಂದರೆ ಡ್ರೈವರು ಕೂತೇ ಇರುತ್ತಿದ್ದ. ಕಂಡಕ್ಟರು ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ. ದಿನಕ್ಕೆ 500ರಿಂದ 750 ಮೆಟ್ಟಿಲು! 1953ರಲ್ಲಿ ಮಾರಿಸ್ ಅದನ್ನು ಪ್ರಕಟಿಸಿದರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಡ್ರೈವರುಗಳಿಗಿಂತ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು. ಬಂದ ಕೂಡಲೇ ಜೀವ ಹೋಗುವುದೂ ಕಡಿಮೆ ಇತ್ತು.

ಡುಮ್ಮಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೇನೋ ಅಂತ ನಿಮಗೆ ಅನ್ನಿಸಬಹುದು. ಮಾರಿಸ್‌ಗೂ ಅದೇ ಅನುಮಾನ ಬಂತು. ಆಗ ಅವರು ಹುಡುಕಿದ್ದು ಯೂನಿಫಾರ್ಮಿನ ದಾಖಲೆಯನ್ನು. ಸಂಸ್ಥೆ ಹೊಲಿಸಿಕೊಡುತ್ತಿದ್ದ ಪ್ಯಾಂಟುಗಳ ಸೊಂಟದ ಅಳತೆ ಅಲ್ಲಿ ಬರೆದಿತ್ತು. ಯಾವ ವಯಸ್ಸಿನವರನ್ನು ತೆಗೆದುಕೊಂಡರೂ ಡ್ರೈವರುಗಳ ಸೊಂಟವೇ ದಪ್ಪ. ಚಿಕ್ಕ ವಯಸ್ಸಿನ ಡ್ರೈವರುಗಳದೂ ಹಾಗೇ ಇತ್ತು. ಅಂದರೆ ಅನುಮಾನದಲ್ಲಿ ಸ್ವಲ್ಪ ಹುರುಳಿತ್ತು. ಮಾರಿಸ್ ಅದನ್ನು ಮುಚ್ಚಿಡದೆ ಬರೆದರು. ಜೊತೆಗೆ ಅಂಚೆ ಇಲಾಖೆಯನ್ನೂ ನೋಡಿದ್ದರು. ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಕಾಗದ ಹಂಚುವವರಿಗಿಂತ ಮೇಜಿನ ಮುಂದೆ ಕೂತವರಿಗೇ ಹೃದಯದ ತೊಂದರೆ ಜಾಸ್ತಿ ಇತ್ತು.

ನನ್ನ ಸೋದರಮಾವ ಕಂಡಕ್ಟರ್ ಆಗಿದ್ದರು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್, ಬಗಲಲ್ಲಿ ಚರ್ಮದ ಚೀಲ. ಸಂತೆ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರದಿದ್ದರೂ ಕೋಳಿ ಬುಟ್ಟಿ, ತೆಂಗಿನಕಾಯಿ ಮೂಟೆ ದಾಟಿಕೊಂಡು ಹಿಂದಿನ ಸೀಟಿನವರೆಗೆ ಹೋಗಿ ಬರುತ್ತಿದ್ದರು. ಅದೇ ಬಸ್ಸಿನ ಡ್ರೈವರ್ ಮಾಮ ಇಳಿಯುವಾಗ ಬಾಗಿಲು ಹಿಡಿದು ಒಂದು ನಿಮಿಷ ನಿಲ್ಲುತ್ತಿದ್ದರು, ಮಂಡಿ ಸರಿಹೋಗಲಿ ಅಂತ. ಇಬ್ಬರಿಗೂ ಸುಸ್ತು. ಆದರೆ ಸುಸ್ತಿನಲ್ಲಿ ಎರಡು ಥರ ಇದೆ ಅಲ್ವಾ? ನಿಮ್ಮ ಯಜಮಾನರದು ಕಣ್ಣು, ತಲೆ, ಸೊಂಟ ದಣಿದ ಸುಸ್ತು. ಅವರ ತೊಡೆಗೆ ಇಡೀ ದಿನ ಕೆಲಸವೇ ಸಿಕ್ಕಿರುವುದಿಲ್ಲ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು, ಅದರಲ್ಲೂ ಕಾಲಿನ ದೊಡ್ಡ ಸ್ನಾಯುಗಳು. ಅವು ದುಡಿಯುವಾಗ ಇನ್ಸುಲಿನ್ ಸಾಲದಿದ್ದರೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಸುಮ್ನೆ ಕೂತರೆ ಅದು ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಶುಗರ್ ಇಳಿಯುವುದು ಇದಕ್ಕೇ.

ದಿನವಿಡೀ ಕೂತವರು ಆಮೇಲೆ ನಡೆದರೆ ಉಪಯೋಗ ಉಂಟಾ? ಉಂಟು. ಮಾರಿಸ್ ಅದನ್ನೂ ನೋಡಿದರು. ಬ್ರಿಟನ್ನಿನ ಸುಮಾರು 18,000 ಸರ್ಕಾರಿ ಗುಮಾಸ್ತರು, ಎಲ್ಲರೂ ಕುರ್ಚಿಯವರೇ. ಕೆಲಸದಾಚೆ ಈಜು, ಓಟ, ಆಟ ಅಂತ ಮೈ ಬಗ್ಗಿಸುತ್ತಿದ್ದವರಿಗೆ ಹೃದಯದ ಕಾಯಿಲೆ ಉಳಿದವರಿಗಿಂತ ಅರ್ಧಕ್ಕೂ ಕಡಿಮೆ. ನಮ್ಮ ಪಕ್ಕದ ಚೆನ್ನೈಯಲ್ಲಿ ಶುಗರ್ ಬರುವ ಅಂಚಿನಲ್ಲಿದ್ದವರ ನಡಿಗೆ, ಊಟ ಎರಡನ್ನೂ ತಿದ್ದಿ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಸುಮಾರು ಮೂರು ವರ್ಷದಲ್ಲಿ ಕಾಯಿಲೆಗೆ ಬೀಳುವ ಅಪಾಯ ನೂರಕ್ಕೆ 28ರಷ್ಟು ಇಳಿದಿತ್ತು.

ಇನ್ನು ಅಪ್ಪು ವಿಷಯ. 2021ರ ಅಕ್ಟೋಬರ್ 29 ನಮ್ಮಲ್ಲಿ ಯಾರಿಗೂ ಮರೆತಿಲ್ಲ. 46 ವರ್ಷದ, ಕಣ್ಣಿಗೆ ಅಷ್ಟು ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಮನುಷ್ಯ ಹೋದಾಗ ಹೆದರಿಕೆ ಆಗುವುದು ಸಹಜ. ನಿಮ್ಮ ಜಿಲ್ಲೆಯಲ್ಲಿ 2025ರ ಮಳೆಗಾಲದಲ್ಲಿ ಸಾಲು ಸಾಲು ಸಾವಿನ ಸುದ್ದಿ ಬಂದಾಗಲೂ ಜನ ಆಸ್ಪತ್ರೆಗೆ ಓಡಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹೃದಯಾಘಾತ ವಿಪರೀತ ಏರಿಲ್ಲ ಅಂತ ಹೇಳಿತು. ಬಿಪಿ, ಶುಗರ್, ಬೊಜ್ಜು, ಧೂಮಪಾನ ಅಂತ ಹಳೆಯ ಕಾರಣಗಳನ್ನೇ ಎತ್ತಿ ತೋರಿಸಿತು.

ಆದರೂ ಹೆದರಿಕೆಯಲ್ಲಿ ಒಂದು ಎಳೆ ಸತ್ಯ ಇದೆ. ಅಮೆರಿಕದಲ್ಲಿ ಹೃದಯಾಘಾತವಾದ 1,200ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಮುರಿದು ಶ್ರಮಪಟ್ಟ ನಂತರದ ಒಂದು ಗಂಟೆ ಅಪಾಯ ಏರುತ್ತದೆ. ವಾರಕ್ಕೊಮ್ಮೆಯೂ ಅಂಥ ಶ್ರಮ ಅಭ್ಯಾಸ ಇಲ್ಲದವರಿಗೆ ಅದು ನೂರು ಪಟ್ಟು ದಾಟಿತ್ತು. ವಾರಕ್ಕೆ ಐದು ಸಲ, ಅದಕ್ಕಿಂತ ಜಾಸ್ತಿ ಅಭ್ಯಾಸ ಇದ್ದವರಿಗೆ ಎರಡೂವರೆ ಪಟ್ಟು ಕೂಡ ಇರಲಿಲ್ಲ. ಒಂದು ಗಂಟೆಯ ಅಪಾಯ ಮೊದಲೇ ತೀರಾ ಸಣ್ಣದು, ಆದ್ದರಿಂದ ನೂರು ಪಟ್ಟು ಅಂತ ಗಾಬರಿ ಬೇಡ. ನಾಳೆಯೇ ಜಿಮ್ಮಿಗೆ ಹೋಗಿ ಭಾರ ಎತ್ತಬೇಡಿ ಅಂತ ಅವರಿಗೆ ಹೇಳಿ, ಸಾಕು. ಬಿಪಿ, ಶುಗರ್, ಇಸಿಜಿ ನೋಡಿಸಿಕೊಂಡು ನಡಿಗೆಯಿಂದ ಶುರು ಮಾಡಲಿ. ಬಸ್ಸು ಕೊನೆ ಸ್ಟಾಪಿಗೆ ಬಂದಾಗ ಟೀ ಅಂಗಡಿ ಬೆಂಚಿನ ಮೇಲೆ ಕೂರುವ ಬದಲು ನಿಲ್ದಾಣದ ಸುತ್ತ ಎರಡು ಸುತ್ತು ಹಾಕಲಿ. ಹತ್ತು ಹತ್ತು ನಿಮಿಷ ಸೇರಿಸಿಕೊಂಡು ವಾರಕ್ಕೆ 150 ನಿಮಿಷ ಆಗಬೇಕು. ಮಾತಾಡಬಹುದು, ಹಾಡಲು ಉಸಿರು ಸಾಲದು, ಅಷ್ಟು ಬಿರುಸು ಇದ್ದರೆ ಸಾಕು. ನಡೆಯುವಾಗ ಎದೆ ಹಿಂಡಿದಂತಾದರೆ, ಎಡಗೈ ಅಥವಾ ದವಡೆ ಎಳೆದರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬಾರದು. ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಮಗನ ಕಬಡ್ಡಿ ಬಿಡಿಸಿದ್ದು ನನಗೆ ನಿಜಕ್ಕೂ ಬೇಜಾರಾಯಿತು. 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿನೇಳು ದಾಟಿದ ತಕ್ಷಣ ಅದು ಬೇಡವಾಗುವುದಿಲ್ಲ. ಸಂಜೆ ಐದರಿಂದ ಆರು ಅವನನ್ನು ಮೈದಾನಕ್ಕೆ ಕಳಿಸಿ. ಮರಳಿ ಬಂದು ಕೂತಾಗ ಪುಸ್ತಕ ಬೇಗ ತಲೆಗೆ ಹತ್ತುತ್ತದೆ.

ನಿಮ್ಮ ಎರಡು ಪುಟದ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ, ಗಮನಿಸಿದಿರಾ? ದೇಶದಲ್ಲಿ ದೊಡ್ಡವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಬೇಕಾದಷ್ಟು ಓಡಾಟ ಇಲ್ಲ ಅಂತ 2022ರ ಲೆಕ್ಕ ಹೇಳುತ್ತದೆ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ನೆಲ ಒರೆಸುವುದು, ನೀರು ಹೊರುವುದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಒಲೆ ಮುಂದೆ ಗಂಟೆಗಟ್ಟಲೆ ನಿಂತು ಕಾಲು ಊದಿಸಿಕೊಳ್ಳುವುದು ಬರುವುದಿಲ್ಲ. ಕತ್ತಲಾದ ಮೇಲೆ ಹೆಂಗಸರು ನಡೆಯಲು ದೀಪ ಇರುವ ರಸ್ತೆ ಬೇಕು, ನಾಯಿ ಅಟ್ಟದ ಬೀದಿ ಬೇಕು, ಕಾರು ನಿಲ್ಲಿಸದ ಫುಟ್‌ಪಾತ್ ಬೇಕು. ಇದನ್ನು ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಕೇಳಲೇಬೇಕು. ಆಸ್ಪತ್ರೆಗೆ ಹಾಸಿಗೆ ಕೇಳುವಷ್ಟೇ ಜೋರಾಗಿ ಕೇಳಬೇಕು.

ಮುಂದಿನ ವಾರದ ರಜೆ ದಿನ ಇಬ್ಬರೂ ಒಟ್ಟಿಗೆ ಹೋಗಿ ಬಿಪಿ, ಶುಗರ್ ನೋಡಿಸಿಕೊಳ್ಳಿ. ಅವರ ಚೀಟಿಯ ಜೊತೆ ನಿಮ್ಮ ಹೆಸರಿನದೂ ಒಂದು ಮಾಡಿಸಿ.

— ಸಂಪಾದಕ